ಪಾದಚಿಕಿತ್ಸೆಯ ಕೋರ್ಸಿಗೆ ಅನುಮತಿ ನೀಡುವ ಮುನ್ನ: ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು, ಕರ್ನಾಟಕ ರಾಜ್ಯ ಅಲೈಡ್ ಮತ್ತು ಆರೋಗ್ಯ ವೃತ್ತಿಪರರ ಪರಿಷತ್ತು;
ಮಾನ್ಯ ಕುಲಪತಿಗಳು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು.

ಮಾನ್ಯರೇ,

ದಾವಣಗೆರೆಯ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ 27 ವರ್ಷ ಕೆಲಸ ಮಾಡಿ, ಅದರಲ್ಲಿ ಹೆಚ್ಚಿನ ಕಾಲವನ್ನು ಡ್ರೆಸ್ಸಿಂಗ್ ಕೋಣೆಯಲ್ಲೇ ಕಳೆದು ನಿವೃತ್ತಳಾದ ಶುಶ್ರೂಷಾಧಿಕಾರಿ ನಾನು. ಹರಿಹರ, ಜಗಳೂರು, ಹೊಳಲ್ಕೆರೆ, ಹಿರಿಯೂರು ಎಂದು, 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ಸೀಮೆಯ ನಾಲ್ಕೂ ಕಡೆಯಿಂದ ಬಸ್ಸು ಹತ್ತಿ ಬರುತ್ತಿದ್ದ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟುವುದೇ ನನ್ನ ದಿನದ ಕೆಲಸವಾಗಿತ್ತು. ಆ ಅನುಭವದ ಬಲದಿಂದಲೂ, ಕಳೆದ ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ನಡೆದಿರುವ ಒಂದು ಹುಡುಕಾಟದ ಕಾರಣದಿಂದಲೂ ತಮಗೆ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗಳು ಈ ವರ್ಷ ಫಿಸಿಯೋಥೆರಪಿ ಪದವಿ ಮುಗಿಸುತ್ತಿದ್ದಾಳೆ. ಮುಂದೆ ಪೊಡಿಯಾಟ್ರಿ, ಅಂದರೆ ಪಾದಚಿಕಿತ್ಸೆಯನ್ನೇ ಓದಬೇಕೆಂಬುದು ಅವಳ ಹಟ. ರಜೆಗೆ ಬಂದಾಗ ನಾಲ್ಕಾರು ಕಾಲೇಜುಗಳ ಮಾಹಿತಿಯನ್ನು ಪ್ರಿಂಟ್ ತೆಗೆಸಿಕೊಂಡು ಬಂದು ನನ್ನ ಮುಂದೆ ಹರಡಿ, "ದೊಡ್ಡಮ್ಮ, ಇದರಲ್ಲಿ ಯಾವುದು ಚೆನ್ನಾಗಿ ಕಲಿಸುತ್ತೆ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?" ಎಂದು ಕೇಳಿದಳು. ಸರಳವಾದ ಪ್ರಶ್ನೆ. ಹೊರದೇಶದ ಶಾಲೆಗಳ ಮಟ್ಟಿಗೆ ನಮಗೆ ಉತ್ತರ ಸಿಕ್ಕಿತು. ನಮ್ಮಲ್ಲಿ ಪಾದಚಿಕಿತ್ಸೆ ಕಲಿಸುತ್ತೇವೆಂದು ಜಾಹೀರಾತು ಕೊಡುವ ಅಲ್ಪಾವಧಿ ಕೋರ್ಸುಗಳ ಮಟ್ಟಿಗೆ, ಎರಡು ತಿಂಗಳು ಫೋನು ಮಾಡಿ, ಪತ್ರ ಬರೆದು ವಿಚಾರಿಸಿದರೂ ಸಿಗಲಿಲ್ಲ. ಶುಲ್ಕ ಎಷ್ಟು, ತರಗತಿ ಎಲ್ಲಿ, ಸರ್ಟಿಫಿಕೇಟ್ ಯಾವಾಗ ಎಂಬುದನ್ನೆಲ್ಲ ಹೇಳಿದರು. ಕೋರ್ಸು ಮುಗಿಯುವಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಎಷ್ಟು ಪಾದಗಳನ್ನು ತನ್ನ ಕೈಯಾರೆ ಮುಟ್ಟಿ ನೋಡಿರುತ್ತಾನೆ ಎಂದು ಕೇಳಿದಾಗ ಮಾತ್ರ ಪ್ರತಿಯೊಂದು ಕಡೆಯೂ ಮಾತು ಬೇರೆ ಕಡೆ ತಿರುಗಿತು.

2021ರ ಅಲೈಡ್ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗ ಕಾಯಿದೆಯ ಅನುಸೂಚಿಯಲ್ಲಿ ಪೊಡಿಯಾಟ್ರಿಸ್ಟ್ ಎಂಬ ವೃತ್ತಿಯ ಹೆಸರು ಸೇರಿದೆ. ಹೊಸ ಸಂಸ್ಥೆ ತೆರೆಯಲು, ಹೊಸ ಕೋರ್ಸು ಆರಂಭಿಸಲು ರಾಜ್ಯ ಪರಿಷತ್ತಿನ ಪೂರ್ವಾನುಮತಿ ಬೇಕೆಂಬ ವಿಧಿಯೂ ಆ ಕಾಯಿದೆಯಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಿಂದ 2023ರಲ್ಲಿ ಹೊರಬಿದ್ದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇಷ್ಟು ದೊಡ್ಡ ಅಗತ್ಯವೂ ಕಾನೂನಿನ ಮಾನ್ಯತೆಯೂ ಒಟ್ಟಿಗೆ ಇರುವಾಗ ಕೋರ್ಸುಗಳು ಹುಟ್ಟಿಕೊಳ್ಳುವುದಕ್ಕೆ ಹೆಚ್ಚು ದಿನ ಬೇಕಾಗಲಾರದು. ಅರ್ಜಿಗಳು ತಮ್ಮ ಮೇಜಿನ ಮೇಲೆ ಬಂದು ಕೂರುವ ಮೊದಲೇ ಒಂದು ಮಾತು ತಮ್ಮ ಕಿವಿಗೆ ಬೀಳಲಿ ಎಂಬುದು ನನ್ನ ಆಸೆ: ಕಟ್ಟಡ, ಪಠ್ಯಕ್ರಮ, ಬೋಧಕರ ಪಟ್ಟಿ ಇವುಗಳನ್ನು ನೋಡುವ ಮೊದಲು, ಆ ಶಾಲೆಯ ವಿದ್ಯಾರ್ಥಿಯ ಕೈಗೆ ಎಷ್ಟು ರೋಗಿಗಳ ಪಾದ ಸಿಗುತ್ತದೆ ಎಂಬುದನ್ನು ದಯವಿಟ್ಟು ಲೆಕ್ಕ ಹಾಕಿಸಿ.

ಅಮೆರಿಕದ ವ್ಯವಸ್ಥೆಯನ್ನು ಮೊದಲು ಹೇಳುತ್ತೇನೆ. ಹೋಲಿಕೆಗೆ ಹೆಚ್ಚು ಸಾಮಗ್ರಿ ಸಿಕ್ಕಿದ್ದು ಅಲ್ಲೇ. ಅಲ್ಲಿ ಒಂದು ಪದವಿ ಮುಗಿಸಿದವರು ಮತ್ತೆ ನಾಲ್ಕು ವರ್ಷ ಓದಿ ಡಿಪಿಎಂ ಎಂಬ ಡಾಕ್ಟರ್ ಪದವಿ ಪಡೆಯುತ್ತಾರೆ. ಆಮೇಲೆ ಮೂರು ವರ್ಷ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಅಂದರೆ ಹಿರಿಯರ ಕೈಕೆಳಗೆ ತರಬೇತಿ, ಮಾಡುತ್ತಾರೆ. ನ್ಯೂಯಾರ್ಕಿನ ಶಾಲೆ 1911ರಲ್ಲಿ ಆರಂಭವಾದದ್ದು, ಷಿಕಾಗೋದ ಶೋಲ್ ಕಾಲೇಜು 1912ರದ್ದು. ಇತ್ತೀಚಿನವುಗಳಲ್ಲಿ ಟೆಕ್ಸಾಸಿನ ರಿಯೋ ಗ್ರಾಂಡೆ ಕಣಿವೆಯ ವಿಶ್ವವಿದ್ಯಾಲಯದ ಶಾಲೆಯೂ ಒಂದು. ಇವೆಲ್ಲಕ್ಕೂ ಮಾನ್ಯತೆ ನೀಡುವುದು ಒಂದೇ ಮಂಡಳಿ. ಪ್ರತಿ ಶಾಲೆಯೂ ತನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ರಾಷ್ಟ್ರೀಯ ಪರೀಕ್ಷೆಯನ್ನು ಮೊದಲ ಪ್ರಯತ್ನದಲ್ಲೇ ದಾಟಿದರು, ಎಷ್ಟು ಮಂದಿ ನಾಲ್ಕು ವರ್ಷದಲ್ಲಿ ಪದವಿ ಮುಗಿಸಿದರು, ಎಷ್ಟು ಮಂದಿಗೆ ರೆಸಿಡೆನ್ಸಿ ಸಿಕ್ಕಿತು ಎಂಬುದನ್ನು ಸಾರ್ವಜನಿಕರ ಮುಂದಿಡುತ್ತದೆ. ದಾವಣಗೆರೆಯ ಒಂದು ಮನೆಯ ಊಟದ ಮೇಜಿನ ಮುಂದೆ ಕುಳಿತು ನಾವಿಬ್ಬರು ಆ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು.

ಆದರೆ ಅಂಕಿಗಳನ್ನು ಓದುವುದಕ್ಕೂ ಕಲಿಯಬೇಕಾಯಿತು. ನನ್ನ ತಂಗಿಯ ಮಗಳು ಮೊದಲಿಗೆ ಪರೀಕ್ಷೆಯಲ್ಲಿ ಪಾಸಾದವರ ಪ್ರಮಾಣ ಯಾವ ಶಾಲೆಯಲ್ಲಿ ಹೆಚ್ಚಿದೆಯೋ ಅದೇ ಉತ್ತಮ ಎಂದು ಗುರುತು ಹಾಕಿಕೊಂಡಿದ್ದಳು. ನನ್ನ ಸೇವಾವಧಿಯಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರನ್ನು ವರ್ಷಗಟ್ಟಲೆ ಕಂಡ ನನಗೆ ಬೇರೆಯೇ ಅನುಮಾನ ಹುಟ್ಟಿತು. ಓದಿನಲ್ಲಿ ಹಿಂದುಳಿದವರನ್ನು ಪರೀಕ್ಷೆಗೆ ಕೂರಿಸದೆ ತಡೆದರೆ, ಇಲ್ಲವೇ ನಡುವೆಯೇ ಅವರು ಬಿಟ್ಟುಹೋದರೆ, ಉಳಿದವರ ಫಲಿತಾಂಶ ತಾನಾಗಿಯೇ ಮೇಲೇರುತ್ತದೆ. ಹಾಗಾಗಿ ಪಾಸಾದವರ ಪ್ರಮಾಣವನ್ನು ನಾಲ್ಕು ವರ್ಷದಲ್ಲಿ ಪದವಿ ಮುಗಿಸಿದವರ ಪ್ರಮಾಣದ ಜೊತೆಗಿಟ್ಟೇ ನೋಡಬೇಕು. ಮೂವತ್ತು ಜನರ ತರಗತಿಯಲ್ಲಿ ಮೂವರು ತಪ್ಪಿದರೆ ಶೇ. 10ರಷ್ಟು ಇಳಿದುಹೋಗುತ್ತದೆ, ಅದನ್ನು ನೂರು ಜನರ ತರಗತಿಯೊಂದಿಗೆ ಒಂದೇ ವರ್ಷದ ಅಂಕಿಯಿಂದ ತೂಗುವುದು ನ್ಯಾಯವಲ್ಲ, ಮೂರ್ನಾಲ್ಕು ವರ್ಷದ್ದನ್ನು ಕೂಡಿಸಿ ನೋಡಬೇಕು. ಇನ್ನು ಪಾಠದ ರೀತಿಯಲ್ಲೂ ಆ ಶಾಲೆಗಳ ನಡುವೆ ವ್ಯತ್ಯಾಸವಿದೆ. ಕೆಲವು ಶಾಲೆಗಳಲ್ಲಿ ಮೊದಲೆರಡು ವರ್ಷ ಪಾದಚಿಕಿತ್ಸೆಯ ವಿದ್ಯಾರ್ಥಿಗಳು ಇತರ ವೈದ್ಯ ವಿದ್ಯಾರ್ಥಿಗಳೊಡನೆ ಒಂದೇ ಕೋಣೆಯಲ್ಲಿ ಕುಳಿತು ಮೂಲ ವಿಜ್ಞಾನಗಳನ್ನು ಓದುತ್ತಾರೆ. ಇದರಿಂದ ಇಡೀ ದೇಹದ ತಿಳಿವಳಿಕೆ ಗಟ್ಟಿಯಾಗುತ್ತದೆ. ಇನ್ನು ಕೆಲವಕ್ಕೆ, ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದ ಹಳೆಯ ಶಾಲೆಗಳಿಗೆ ಇರುವಂತೆ, ತಮ್ಮದೇ ಪಾದ ಚಿಕಿತ್ಸಾಲಯಗಳಿವೆ. ಊರಿನ ಬಡವರು ಬಂದು ಕೂರುವ ಜಾಗವೇ ವಿದ್ಯಾರ್ಥಿಗೆ ಪಾಠಶಾಲೆ. ನನ್ನನ್ನು ಕೇಳಿದರೆ ಎರಡನೆಯದಕ್ಕೇ ಹೆಚ್ಚು ತೂಕ. ಪುಸ್ತಕದ ಕೊರತೆಯನ್ನು ಆಮೇಲೆ ಓದಿ ತುಂಬಿಕೊಳ್ಳಬಹುದು, ಕೈಯ ಕೊರತೆಯನ್ನು ಹಾಗೆ ತುಂಬಿಕೊಳ್ಳಲು ಆಗುವುದಿಲ್ಲ.

ರೆಸಿಡೆನ್ಸಿಗೂ ಅಲ್ಲಿ ಲೆಕ್ಕವಿದೆ. ಮೂರು ವರ್ಷದಲ್ಲಿ ಕನಿಷ್ಠ 300 ಪಾದ ಮತ್ತು ಕಣಕಾಲಿನ ಶಸ್ತ್ರಚಿಕಿತ್ಸಾ ಪ್ರಕರಣಗಳಲ್ಲಿ ಪಾಲ್ಗೊಂಡಿರಬೇಕು, ಕ್ಲಿನಿಕ್ಕಿನಲ್ಲಿ 1000 ರೋಗಿ ಭೇಟಿಗಳನ್ನು ನಿಭಾಯಿಸಿರಬೇಕು. ಪ್ರತಿಯೊಂದೂ ದಾಖಲೆಯಾಗಬೇಕು. ಇಷ್ಟು ಕಟ್ಟುನಿಟ್ಟಿದ್ದರೂ ಅವರು ಒಮ್ಮೆ ಎಡವಿದ್ದಾರೆ: 2013ರ ಆಸುಪಾಸಿನಲ್ಲಿ ಶಾಲೆಗಳಿಂದ ಹೊರಬಂದವರ ಸಂಖ್ಯೆ ರೆಸಿಡೆನ್ಸಿ ಸ್ಥಾನಗಳಿಗಿಂತ ಹೆಚ್ಚಾಗಿ, ಪದವಿ ಕೈಯಲ್ಲಿದ್ದೂ ತರಬೇತಿಗೆ ಜಾಗವಿಲ್ಲದೆ ಹಲವರು ಕಾಯಬೇಕಾಯಿತು. ಸೀಟು ಹೆಚ್ಚಿಸುವುದು ಸುಲಭ, ಕಲಿಯಲು ರೋಗಿಯನ್ನೂ ಗುರುವನ್ನೂ ಒದಗಿಸುವುದು ಕಷ್ಟ ಎಂಬುದನ್ನು ತಾವು ಆ ಉದಾಹರಣೆಯಿಂದ ಗಮನಿಸಬೇಕೆಂದು ಕೋರುತ್ತೇನೆ.

ಬ್ರಿಟನ್ನಿನ ದಾರಿ ನಮಗೆ ಇನ್ನೂ ಹತ್ತಿರದ್ದು ಎಂದು ನನಗೆ ತೋರುತ್ತದೆ. ಅಲ್ಲಿ ಅದು ಪದವಿ ಮಟ್ಟದ ಕೋರ್ಸು. ಮೂರು ವರ್ಷ, ಸ್ಕಾಟ್ಲೆಂಡಿನಲ್ಲಾದರೆ ನಾಲ್ಕು. ಸಾಲ್ಫರ್ಡ್, ಹಡರ್ಸ್‌ಫೀಲ್ಡ್, ಗ್ಲಾಸ್ಗೋ ಕ್ಯಾಲೆಡೋನಿಯನ್ ಮುಂತಾದ ವಿಶ್ವವಿದ್ಯಾಲಯಗಳು ಕಲಿಸುತ್ತವೆ. ಸುಮಾರು 1000 ಗಂಟೆಗಳ ರೋಗಿ ಚಿಕಿತ್ಸಾ ಅಭ್ಯಾಸ ಆ ಪದವಿಯ ಭಾಗ. ಪಾದಚಿಕಿತ್ಸಕ ಎಂಬ ಹೆಸರಿಗೇ ಕಾನೂನಿನ ರಕ್ಷಣೆ ಇದೆ. ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಂಡು ಬೋರ್ಡು ತೂಗುಹಾಕಿದರೆ ಅದು ಅಪರಾಧ. ಆಸ್ಟ್ರೇಲಿಯಾದಲ್ಲಿ ಪದವಿ ನಾಲ್ಕು ವರ್ಷದ್ದು, ಅಲ್ಲಿಯೂ ನೋಂದಣಿ ಕಡ್ಡಾಯ. ಇಲ್ಲಿಯೂ ನಾವು ಒಂದು ಎಚ್ಚರಿಕೆ ವಹಿಸಿದೆವು. ಗಂಟೆಗಳ ಲೆಕ್ಕ ಹೇಳುವ ಶಾಲೆಯನ್ನು, ಆ ಗಂಟೆಗಳಲ್ಲಿ ವಿದ್ಯಾರ್ಥಿ ಗೋಡೆಗೆ ಒರಗಿ ನಿಂತು ನೋಡುತ್ತಿದ್ದನೋ ಅಥವಾ ಸ್ಟೂಲಿನ ಮೇಲೆ ಕುಳಿತು ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡುತ್ತಿದ್ದನೋ ಎಂದು ಕೇಳಬೇಕು. ಎರಡಕ್ಕೂ ಗಡಿಯಾರದಲ್ಲಿ ಆಗುವ ಸಮಯ ಒಂದೇ.

ಈ ಪ್ರಶ್ನೆಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ನನ್ನ ಅಣ್ಣ.

ಅಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದವರು. ಬೆಳಗಿನಿಂದ ರಾತ್ರಿಯವರೆಗೆ ನಿಂತೇ ವ್ಯಾಪಾರ. ಸಕ್ಕರೆ ಕಾಯಿಲೆ ಹದಿನೈದು ವರ್ಷದ್ದು, ಜೊತೆಗೆ ಬೀಡಿಯ ಚಟ. ಕಿರುಬೆರಳಿನ ಬುಡದಲ್ಲಿ ಒಂದು ಆಣಿ ಎದ್ದಿತ್ತು. ನಾನು ಅದೇ ಊರಿನಲ್ಲಿ ದಿನಕ್ಕೆ ಹತ್ತಾರು ಪಾದಗಳಿಗೆ ಪಟ್ಟಿ ಕಟ್ಟುತ್ತಿದ್ದರೂ, "ಅವಳಿಗ್ಯಾಕೆ ತೊಂದರೆ" ಎಂದು ನನಗೆ ಹೇಳದೆ, ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿ ಪಾದದ ತಜ್ಞ ಎಂದು ಬೋರ್ಡು ಹಾಕಿಕೊಂಡಿದ್ದ ಒಬ್ಬ ಯುವಕನ ಬಳಿ ಹೋದರು. ಅವನು ಆಮ್ಲದ ಅಂಶವಿರುವ ಆಣಿ ಪಟ್ಟಿ ಅಂಟಿಸಿ ಕಳುಹಿಸಿದ. ನಾಲ್ಕು ದಿನ ಬಿಟ್ಟು ಬರಹೇಳಿ ಬ್ಲೇಡಿನಿಂದ ಕೆತ್ತಿದ. ಪಾದದ ಮೇಲ್ಭಾಗದಲ್ಲಿ ಎರಡು ಬೆರಳಿಟ್ಟು ನಾಡಿ ಇದೆಯೇ ಎಂದು ನೋಡಲಿಲ್ಲ. ನೋಡಿದ್ದರೆ ಆ ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲವೆಂದು ಅಲ್ಲೇ ಗೊತ್ತಾಗುತ್ತಿತ್ತು. ರಕ್ತ ಹರಿಯದ ಪಾದದ ಮೇಲೆ ಆಮ್ಲದ ಪಟ್ಟಿ ಹಾಕಬಾರದು, ಬ್ಲೇಡು ತಾಗಿಸಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠಗಳಲ್ಲಿ ಒಂದು. ನನಗೆ ತಿಳಿಯುವಷ್ಟರಲ್ಲಿ ಕಿರುಬೆರಳು ಇದ್ದಿಲಿನಂತೆ ಕಪ್ಪಾಗಿತ್ತು. ಮೊದಲು ಬೆರಳು, ಎರಡು ತಿಂಗಳ ನಂತರ ಮೊಣಕಾಲಿನ ಕೆಳಗೆ ಕಾಲು ಹೋಯಿತು.

ಆಮೇಲೆ ನಾನು ಆ ಯುವಕನನ್ನು ಕಂಡು ಮಾತಾಡಿದೆ. ಜಗಳಕ್ಕೆ ಹೋದವಳು, ಜಗಳವಾಡಲು ಆಗಲಿಲ್ಲ. ಅವನು ನಡುಗುವ ಕೈಯಿಂದ ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿ ತೋರಿಸಿದ. ಮೂರು ವಾರದ ಕೋರ್ಸು. ಗುರುಗಳ ಎದುರಿಗೆ ಎಷ್ಟು ಪಾದಕ್ಕೆ ಚಿಕಿತ್ಸೆ ಮಾಡಿದ್ದೆ ಎಂದು ಕೇಳಿದೆ. "ಎರಡು, ಮೇಡಂ. ಉಳಿದಿದ್ದನ್ನ ಸ್ಲೈಡಲ್ಲಿ ತೋರಿಸಿದ್ರು" ಎಂದ. ಸಾಲ ಮಾಡಿ ಶುಲ್ಕ ಕಟ್ಟಿದ್ದ ಹುಡುಗ ಅವನು. ಅವನಿಗೂ ನನ್ನ ಅಣ್ಣನಿಗೂ ಮೋಸ ಮಾಡಿದ್ದು ಒಂದೇ ಕೋರ್ಸು.

ಹಾಗಾದರೆ ಕಲಿಯಲು ಪಾದಗಳು ಎಲ್ಲಿ ಸಿಗುತ್ತವೆ ಎಂದು ಯಾರಾದರೂ ಕೇಳಿದರೆ, ನಮ್ಮ ಸೀಮೆಯ ಯಾವುದೇ ಡ್ರೆಸ್ಸಿಂಗ್ ಕೋಣೆಯ ಮುಂದಿನ ಬೆಂಚನ್ನು ತೋರಿಸುತ್ತೇನೆ. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಕೂಳೆ ಚುಚ್ಚಿಸಿಕೊಂಡವರು, ಭದ್ರಾ ಕಾಲುವೆಯ ಗದ್ದೆಗಳಲ್ಲಿ ದಿನವಿಡೀ ನೀರಿನಲ್ಲಿ ನಿಂತು ಬೆರಳ ಸಂದಿ ಕೊಳೆತವರು, ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳು ಬಿದ್ದು ಬೊಬ್ಬೆ ಎದ್ದದ್ದೂ ತಿಳಿಯದವರು, ಬಿಸಿಲಿನಲ್ಲಿ ಬರಿಗಾಲಿನಲ್ಲಿ ಕೊಟ್ಟೂರಿಗೆ ಪಾದಯಾತ್ರೆ ಹೋಗಿ ಅಂಗಾಲಿನ ಚರ್ಮವೇ ಕಳಚಿ ಬಂದವರು, ಎಲ್ಲರೂ ಅಲ್ಲಿ ಸಿಗುತ್ತಾರೆ. ಒಮ್ಮೆ ಜಗಳೂರು ಕಡೆಯ ಒಬ್ಬ ಹಿರಿಯರು ಬಂದರು. ಅಂಗಾಲಿನಲ್ಲಿ ದಪ್ಪನೆಯ ದಡ್ಡು, ಅದರ ಅಂಚಿನಿಂದ ಸಣ್ಣಗೆ ಕೀವು. "ಏನೂ ನೋವಿಲ್ರೀ ಅಕ್ಕಾರೆ, ವಾಸನೆ ಬರ್ತೈತಿ ಅಂತ ಮನ್ಯಾಗೆ ಬೈದು ಕಳಿಸ್ಯಾರ" ಎಂದರು. ಪಟ್ಟಿ ಬಿಚ್ಚುವ ಮೊದಲು ಅವರ ಚಪ್ಪಲಿಯನ್ನು ತರಿಸಿ ನೋಡಿದೆ. ಅಟ್ಟೆಯ ಕೆಳಗಿನಿಂದ ಒಂದು ಜಾಲಿ ಮುಳ್ಳು ನೇರವಾಗಿ ಏರಿ ಬಂದಿತ್ತು. ಒಳಗಡೆ ಅದರ ತುದಿ ಸವೆದು ನುಣುಪಾಗಿತ್ತು. ಎಷ್ಟು ದಿನ ಅದರ ಮೇಲೆ ನಡೆದರೆ ಮುಳ್ಳಿನ ಮೊನೆ ಸವೆಯಬೇಕು ಎಂದು ನನ್ನ ಜೊತೆಗಿದ್ದ ವಿದ್ಯಾರ್ಥಿನಿಗೆ ಕೇಳಿದೆ. ಸಕ್ಕರೆ ಕಾಯಿಲೆಯಲ್ಲಿ ಸ್ಪರ್ಶಜ್ಞಾನ ಹೋಗುವುದೆಂದರೆ ಏನೆಂದು ಅವಳಿಗೆ ಮತ್ತೆ ಹೇಳಿಕೊಡಬೇಕಾಗಲಿಲ್ಲ.

ಸ್ಪರ್ಶ ಪರೀಕ್ಷೆಯನ್ನೇ ತೆಗೆದುಕೊಳ್ಳಿ. 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ರೋಗಿಯ ಕಣ್ಣು ಮುಚ್ಚಿಸಿ ಅಂಗಾಲಿನ ನಿಗದಿತ ಜಾಗಗಳಿಗೆ ತಾಗಿಸಿ, ತಿಳಿಯಿತೇ ಎಂದು ಕೇಳುವುದು. ನೋಡಲು ಮಕ್ಕಳಾಟದಂತಿದೆ. ದಡ್ಡುಗಟ್ಟಿದ ಜಾಗಕ್ಕೆ ತಾಗಿಸಿದರೆ ಉತ್ತರ ತಪ್ಪಾಗುತ್ತದೆ. ಎಳೆಯನ್ನು ಚರ್ಮದ ಮೇಲೆ ಜಾರಿಸಿದರೆ ತಪ್ಪಾಗುತ್ತದೆ. ಒಂದೇ ತಾಳದಲ್ಲಿ ಮುಟ್ಟುತ್ತಾ ಹೋದರೆ ರೋಗಿ ಅಂದಾಜಿನ ಮೇಲೆ ಹೌದು ಎನ್ನುತ್ತಾನೆ. ನಮ್ಮ ಹಿರಿಯರಂತೂ ಸಿಸ್ಟರಿಗೆ ಬೇಸರವಾಗದಿರಲೆಂದು ಎಲ್ಲಕ್ಕೂ ಹೌದು ಎನ್ನುವವರು. ಇದನ್ನು ಐವತ್ತು ಪಾದಗಳ ಮೇಲೆ ಮಾಡಿದ ಕೈಗೂ ಎರಡು ಪಾದಗಳ ಮೇಲೆ ಮಾಡಿದ ಕೈಗೂ ಇರುವ ಅಂತರವನ್ನು ಯಾವ ಲಿಖಿತ ಪರೀಕ್ಷೆಯೂ ತೋರಿಸಲಾರದು. ಹಾಗೆಯೇ ಪಾದ ಕೆಂಪಗೆ ಊದಿ ಬಿಸಿಯಾಗಿದ್ದರೆ ಅದು ಸೋಂಕೋ, ಒಳಗೆ ಮೂಳೆ ಕುಸಿಯುತ್ತಿರುವ ಶಾರ್ಕೋ ಪಾದವೋ ಎಂಬ ಅನುಮಾನ ಬರಬೇಕಾದರೆ, ಅಂಥ ಎರಡು ಪಾದಗಳನ್ನಾದರೂ ಅಂಗೈಯಿಂದ ಮುಟ್ಟಿ ನೋಡಿರಬೇಕು.

ಈ ವಿದ್ಯೆ ಹೊರಗಿನಿಂದ ತರಬೇಕಾದದ್ದು ಎಂಬ ಭಾವನೆ ತಮ್ಮಲ್ಲಿ ಯಾರಿಗಾದರೂ ಇದ್ದರೆ ಒಂದು ಸಂಗತಿ ನೆನಪಿಸುತ್ತೇನೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಕುಷ್ಠರೋಗಿಗಳ ಪಾದಗಳನ್ನು ದಿನವೂ ಪರಿಶೀಲಿಸಿ, ಆ ಹುಣ್ಣುಗಳಿಗೆ ಕಾರಣ ನೋವಿನ ಅರಿವಿಲ್ಲದ ಪಾದದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಎಂದು ತೋರಿಸಿಕೊಟ್ಟರು. ಒತ್ತಡ ಹಂಚಿಹೋಗುವಂತೆ ಪ್ಲಾಸ್ಟರ್ ಹಾಕುವ ಕ್ರಮ, ನಮ್ಮ ಆಸ್ಪತ್ರೆಗಳಲ್ಲಿ ಎಂಸಿಆರ್ ಚಪ್ಪಲಿ ಎಂದು ಕರೆಯುವ ಮೆತ್ತನೆಯ ರಬ್ಬರಿನ ಪಾದರಕ್ಷೆ, ಇವೆಲ್ಲ ಬೆಳೆದದ್ದರಲ್ಲಿ ದಕ್ಷಿಣ ಭಾರತದ ಆ ಕೆಲಸದ ಪಾಲು ದೊಡ್ಡದು. ಬ್ರ್ಯಾಂಡ್ ಅವರು ಮುಂದೆ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಅದೇ ತಿಳಿವಳಿಕೆ ಸಕ್ಕರೆ ಕಾಯಿಲೆಯ ಪಾದಗಳಿಗೂ ಅನ್ವಯವಾಯಿತು. ಅಲ್ಲಿನ ಶಾಲೆಗಳು ಇಂದು ಕಲಿಸುತ್ತಿರುವುದರಲ್ಲಿ ಒಂದು ಪಾಲು ಇಲ್ಲಿನ ಬಡ ರೋಗಿಗಳ ಪಾದಗಳಿಂದ ಕಲಿತದ್ದೇ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಸಾರ್ವಜನಿಕರು ದಿನವೂ ಬರುವ ಪಾದ ಚಿಕಿತ್ಸಾಲಯ ಕನಿಷ್ಠ ಕೆಲವು ವರ್ಷದಿಂದ ನಡೆಯುತ್ತಿಲ್ಲದ ಯಾವ ಸಂಸ್ಥೆಗೂ ಈ ಪದವಿಯ ಕೋರ್ಸಿಗೆ ಅನುಮತಿ ಕೊಡಬೇಡಿ, ಮತ್ತು ಸೀಟುಗಳ ಸಂಖ್ಯೆಯನ್ನು ಕಟ್ಟಡದ ಚದರಡಿಯಿಂದ ನಿರ್ಧರಿಸದೆ ಆ ಚಿಕಿತ್ಸಾಲಯದ ಹೊರರೋಗಿಗಳ ಸಂಖ್ಯೆಯಿಂದ ನಿರ್ಧರಿಸಿ. ನಾಡಿ ನೋಡಿದ್ದು, ಸ್ಪರ್ಶ ಪರೀಕ್ಷೆ ಮಾಡಿದ್ದು, ದಡ್ಡು ತೆಗೆದದ್ದು, ಪ್ಲಾಸ್ಟರ್ ಹಾಕಿದ್ದು, ಹೀಗೆ ಪ್ರತಿಯೊಂದಕ್ಕೂ ಕನಿಷ್ಠ ಸಂಖ್ಯೆ ನಿಗದಿ ಮಾಡಿ, ಎದುರಿಗೆ ನಿಂತು ನೋಡಿದ ಬೋಧಕರ ಸಹಿ ಇರುವ ಲಾಗ್‌ಬುಕ್ ಇಲ್ಲದೆ ಅಂತಿಮ ಪರೀಕ್ಷೆಗೆ ಕೂರಿಸದಂತೆ ನಿಯಮ ಮಾಡಿ. ಪ್ರತಿ ಸಂಸ್ಥೆಯೂ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟರು, ಎಷ್ಟು ಮಂದಿ ಮೊದಲ ಸಲಕ್ಕೇ ಪಾಸಾದರು, ಸರಾಸರಿ ಒಬ್ಬ ವಿದ್ಯಾರ್ಥಿ ಎಷ್ಟು ರೋಗಿಗಳನ್ನು ನೋಡಿದ ಎಂಬುದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿಯೂ ಪ್ರಕಟಿಸಲಿ.

ಪಠ್ಯಕ್ರಮದ ಬಗ್ಗೆಯೂ ಒಂದು ಮಾತು. ಹೊರದೇಶದ ಪುಸ್ತಕಗಳು ಬೂಟು, ಕಾಲುಚೀಲ ಹಾಕುವ ಪಾದವನ್ನು ಮನಸ್ಸಿನಲ್ಲಿಟ್ಟು ಬರೆದವು. ನಮ್ಮ ಪದವೀಧರನಿಗೆ ಬರಿಗಾಲಿನ ರೈತನಿಗೆ ಏನು ಹೇಳಬೇಕು, ಗದ್ದೆ ನಾಟಿಯ ಕಾಲದಲ್ಲಿ ಪ್ಲಾಸ್ಟರ್ ಹಾಕಿದರೆ ಅವನು ಕೇಳುತ್ತಾನೆಯೇ, ದೇವರ ಹರಕೆಯ ನಡಿಗೆಯನ್ನು ಬೇಡ ಎನ್ನುವ ಬದಲು ಹೇಗೆ ಸುರಕ್ಷಿತ ಮಾಡಬಹುದು ಎಂಬುದೆಲ್ಲ ತಿಳಿದಿರಬೇಕು. ಪಾದರಕ್ಷೆ ತಯಾರಿಸುವ ಕಮ್ಮಟ ಶಾಲೆಯೊಳಗೇ ಇರಲಿ. ತಲೆತಲಾಂತರದಿಂದ ಚರ್ಮದ ಕೆಲಸ ಬಲ್ಲವರು ನಮ್ಮ ಜಿಲ್ಲೆಗಳಲ್ಲಿದ್ದಾರೆ, ಸರ್ಕಾರದ್ದೇ ಲಿಡ್‌ಕರ್ ನಿಗಮವಿದೆ. ಅವರನ್ನು ಬೋಧಕರೆಂದೇ ಗೌರವದಿಂದ ಕರೆಯಿರಿ.

ಅಲ್ಪಾವಧಿ ಕೋರ್ಸುಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಆಶಾ ಕಾರ್ಯಕರ್ತೆಯರಿಗೂ ನರ್ಸುಗಳಿಗೂ ಪಾದ ತಪಾಸಣೆಯನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು, ಕಲಿಸಲೇಬೇಕು. ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅಪಾಯವಿಲ್ಲದ ಪಾದವನ್ನು ವರ್ಷಕ್ಕೊಮ್ಮೆ, ಹಿಂದೆ ಹುಣ್ಣಾಗಿ ವಾಸಿಯಾದ ಪಾದವನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ನೋಡಬೇಕು. ಅಷ್ಟು ಪಾದಗಳನ್ನು ನೋಡಲು ಹಳ್ಳಿ ಹಳ್ಳಿಯಲ್ಲಿ ಜನ ಬೇಕು. ಆದರೆ ಅಂಥವರ ಸರ್ಟಿಫಿಕೇಟಿನ ಮೇಲೆ ತಪಾಸಣೆ ಎಂಬ ಪದವೇ ಇರಲಿ. ಬ್ಲೇಡು ಹಿಡಿಯುವ ಅಧಿಕಾರವೂ ಪೊಡಿಯಾಟ್ರಿಸ್ಟ್ ಎಂಬ ಹೆಸರೂ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಇರುವವರಿಗೆ ಮಾತ್ರ ಸಿಗಲಿ.

ನನ್ನ ತಂಗಿಯ ಮಗಳು ಬ್ರಿಟನ್ನಿನ ಎರಡು ವಿಶ್ವವಿದ್ಯಾಲಯಗಳ ಅರ್ಜಿಯನ್ನು ತುಂಬಿ ಇಟ್ಟುಕೊಂಡಿದ್ದಾಳೆ. ಶುಲ್ಕಕ್ಕೆ ಹೊನ್ನಾಳಿಯ ಹತ್ತಿರದ ಒಂದು ಎಕರೆ ತೋಟ ಮಾರಬೇಕಾಗುತ್ತದೆ. ಇಲ್ಲೇ ಇಂಥ ಶಾಲೆ ಆರಂಭವಾಗುವುದಾದರೆ ಒಂದೆರಡು ವರ್ಷ ಕಾಯುತ್ತೇನೆ ಎನ್ನುತ್ತಿದ್ದಾಳೆ, ಕಾಯಬೇಕೋ ಬೇಡವೋ ಎಂದು ಅವಳಿಗೆ ಹೇಳಲು ನನಗೆ ತಮ್ಮಿಂದ ಒಂದು ಉತ್ತರ ಬೇಕು. ಶಾಲೆ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಆಗುವುದಾದರೆ, ವಾರಕ್ಕೆ ಮೂರು ದಿನ ಬೆಳಿಗ್ಗೆ ಬಂದು ವಿದ್ಯಾರ್ಥಿಗಳಿಗೆ ಪಟ್ಟಿ ಬಿಚ್ಚುವುದನ್ನೂ ಚಪ್ಪಲಿ ತಿರುಗಿಸಿ ನೋಡುವುದನ್ನೂ ಸಂಬಳವಿಲ್ಲದೆ ಕಲಿಸಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ,
ದಾವಣಗೆರೆ